ಹಳೆಯ ಫೋರ್ ಬೈ ಫೋರ್ ಕೊಳ್ಳುವ ಮುನ್ನ ಕೆಳಗೆ ಮಲಗಿ ನೋಡಿ

ಮೃಗಶಿರಾ ಮಳೆ ಎರಡು ಸಲ ಜೋರಾಗಿ ಬಿದ್ದರೆ ಸಾಕು, ಧಾರೂರಿನ ಡಾಂಬರು ರಸ್ತೆಯಿಂದ ನಮ್ಮ ಹೊಲಕ್ಕೆ ಇಳಿಯುವ ಬಂಡಿದಾರಿ ಕಾರಿಗೆ ಮುಚ್ಚಿಹೋಗುತ್ತದೆ. ಎರಿ ಮಣ್ಣು ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ಹೆಂಟೆಹೆಂಟೆಯಾಗಿ ತುಂಬಿ, ಕೊನೆಗೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಯಾರದಾದರೂ ಟ್ರ್ಯಾಕ್ಟರಿಗೆ ಫೋನು ಮಾಡಬೇಕು. ಹಾಗೆ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಮನೆಗೆ ಬಂದ ಒಂದು ಸಂಜೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಳೆಯ ಗಾಡಿಯೊಂದನ್ನು ಕೊಳ್ಳೋಣ ಎಂದು ನಾನೂ ನನ್ನ ತಮ್ಮನೂ ನಿಶ್ಚಯಿಸಿದೆವು. ಹೊಸದಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಸೆಕೆಂಡ್ ಹ್ಯಾಂಡೇ ಗತಿ.

ಹೆದ್ದಾರಿ ಪಕ್ಕದ ಒಂದು ಅಂಗಳದಲ್ಲಿ ಹಸಿರು ಬಣ್ಣದ ಜಿಪ್ಸಿ ನಿಂತಿತ್ತು. ಭಾರಿ ಟೈರು, ಮುಂದೆ ಕಬ್ಬಿಣದ ದಪ್ಪ ಬಂಪರ್, ಮೇಲೆ ಆರು ಲೈಟಿನ ಸಾಲು. ತಮ್ಮ ಆಗಲೇ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದಿದ್ದ. ನಮ್ಮ ಜೊತೆ ಬಂದಿದ್ದ ಮಿಸ್ತ್ರಿ ಕಾಕಾ ಮಾತ್ರ ಬಾಯಿ ಬಿಡದೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಸರಿದರು. ಐದು ನಿಮಿಷ ಬಿಟ್ಟು ಕೈ ಒರೆಸಿಕೊಳ್ಳುತ್ತ ಎದ್ದು, "ತಮ್ಮಾ, ಇಳಿ ಕೆಳಗ. ಇದಕ್ಕ ಮುಂದಿನ ಶಾಫ್ಟೇ ಇಲ್ಲ" ಅಂದರು. ಗೇರ್ ಲಿವರಿನ ಪಕ್ಕದಲ್ಲಿ ಫೋರ್ ಬೈ ಫೋರ್ ಲಿವರ್ ಇತ್ತು, ಅದು ಹಿಂದೆ ಮುಂದೆ ಆಡುತ್ತಲೂ ಇತ್ತು. ಆದರೆ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆ್ಯಕ್ಸಲ್‌ಗೆ ಹೋಗಬೇಕಾದ ಪ್ರೊಪೆಲರ್ ಶಾಫ್ಟನ್ನು ಯಾರೋ ಎಂದೋ ಬಿಚ್ಚಿ ಹಾಕಿದ್ದರು. ಕೆಟ್ಟಿದ್ದನ್ನು ರಿಪೇರಿ ಮಾಡಿಸುವುದಕ್ಕಿಂತ ಬಿಚ್ಚುವುದು ಅಗ್ಗ ಎಂದುಕೊಂಡಿರಬೇಕು. ಲೈಟುಗಳಿಗೆ ಮಾತ್ರ ಹೊಸ ವೈರು ಹಾಕಿದ್ದರು. ಮಾರಾಟವಾಗುವುದು ಗಾಡಿಯ ಮೇಲಿರುವ ಸಾಮಾನಿನಿಂದ. ಕೆಸರಿನಿಂದ ಹೊರಗೆ ತರುವುದು ಕೆಳಗಿರುವ ಸಾಮಾನು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಆ ಕೆಳಗಿನ ಸಾಮಾನಿನ ಬಗ್ಗೆ, ಮತ್ತೆ ಅಷ್ಟೇ ಮುಖ್ಯವಾದ ಕಾಗದಪತ್ರಗಳ ಬಗ್ಗೆ. ನಮ್ಮದು ತೆಲಂಗಾಣ-ಕರ್ನಾಟಕದ ಗಡಿ ಸೀಮೆ. ಇಲ್ಲಿ ಕಾಗದದ ಕೆಸರು ಎರಿ ಮಣ್ಣಿಗಿಂತ ಆಳ.

ಮೊದಲು ನಿಮ್ಮ ದಾರಿಯನ್ನು ನೋಡಿ

ಗಾಡಿ ಹುಡುಕುವ ಮೊದಲು ನೀವು ದಿನಾ ಓಡಾಡುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲೇ ನಡೆದು ನೋಡಿ. ಜಹೀರಾಬಾದಿನ ಸುತ್ತ ಬಹುಪಾಲು ಮಸಾರಿ ಮತ್ತು ಮಡ್ಡಿ ನೆಲ. ಮಳೆ ನಿಂತ ಎರಡು ತಾಸಿಗೆ ನೀರು ಇಂಗಿ ಗಟ್ಟಿಯಾಗುತ್ತದೆ. ಅಲ್ಲಿನ ಕಬ್ಬು, ಆಲೂಗಡ್ಡೆ, ಶುಂಠಿ ಬೆಳೆಯುವ ರೈತನಿಗೆ ಎತ್ತರದ ಬೊಲೆರೊ ಇದ್ದರೆ ವರ್ಷದ ಮುಕ್ಕಾಲು ಭಾಗ ನಡೆಯುತ್ತದೆ, ಫೋರ್ ಬೈ ಫೋರ್‌ನ ಖರ್ಚು ಬೇಕಾಗಿಲ್ಲ. ತಾಂಡೂರಿನ ತೊಗರಿ ಹೊಲಗಳ ಎರಿ ನೆಲ ಬೇರೆ. ಅಲ್ಲಿ ಎತ್ತರವೊಂದೇ ಸಾಲದು, ಚಕ್ರಕ್ಕೆ ಹಿಡಿತ ಬೇಕು. ಪರಸಿ ಗಣಿಗಳಿಗೆ ಇಳಿಯುವ ದಾರಿಯದು ಇನ್ನೊಂದು ಬಗೆ. ಕಲ್ಲಿನ ಚಕ್ಕೆ ಟೈರಿನ ಪಕ್ಕವನ್ನು ಸೀಳುತ್ತದೆ, ಬಿಳಿ ಪುಡಿ ಏರ್ ಫಿಲ್ಟರಿನಲ್ಲಿ ತುಂಬುತ್ತದೆ. ನಾರಾಯಣಖೇಡದ ಕಡೆ ಮಂಜೀರಾ ದಂಡೆಯ, ಸಿಂಗೂರು ಜಲಾಶಯದ ಹಿನ್ನೀರಿನ ಹೊಲಗಳವರಿಗೆ ಹಳ್ಳ ದಾಟುವ ಚಿಂತೆ. ಅವರು ನೀರಿನ ಆಳ ತಡೆಯುವ ಗಾಡಿಯನ್ನು, ಅದಕ್ಕಿಂತ ಮುಖ್ಯವಾಗಿ ನೀರು ಒಳಗೆ ಹೋಗದಂತೆ ಸೀಲುಗಳು ಚೆನ್ನಾಗಿರುವ ಗಾಡಿಯನ್ನು ನೋಡಬೇಕು.

ವಾರಾಂತ್ಯಕ್ಕೆ ಅನಂತಗಿರಿ ಗುಡ್ಡದ ಕಡೆ, ಕೋಟಪಲ್ಲಿ ಕೆರೆಯ ಕಡೆ ಓಡಿಸುವ ಆಸೆಯಿಂದಷ್ಟೇ ಕೊಳ್ಳುವವರಿಗೆ ಒಂದು ಮಾತು. ಅದು ಅರಣ್ಯ. ಅನುಮತಿ ಇಲ್ಲದೆ ದಾರಿ ಬಿಟ್ಟು ಗಾಡಿ ನುಗ್ಗಿಸುವುದು ಅಪರಾಧ. ಕೆರೆಯ ಕಟ್ಟೆ ಹತ್ತಿಸುವುದಂತೂ ಕೆಳಗಿನ ಹೊಲದವರ ಹೊಟ್ಟೆಯ ಮೇಲೆ ಓಡಿಸಿದ ಹಾಗೆ. ನಿಮ್ಮ ಸ್ವಂತ ಹೊಲದಲ್ಲೋ ಗೆಳೆಯರ ಪಡ ಬಿದ್ದ ನೆಲದಲ್ಲೋ ಬೇಕಾದಷ್ಟು ಓಡಿಸಿ.

ಟ್ರ್ಯಾಕ್ಟರ್ ಓಡಿಸಿದವರಿಗೆ ಅರ್ಧ ಗೊತ್ತೇ ಇದೆ

ಜಹೀರಾಬಾದಿನಲ್ಲಿ ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಅದರಿಂದ ಹಳೆಯ ಜೀಪು ಅಗ್ಗವಾಗುವುದಿಲ್ಲ, ನಿಜ. ಆದರೆ ನಮ್ಮ ಕಡೆ ಮನೆಗೊಬ್ಬ ಟ್ರ್ಯಾಕ್ಟರ್ ಚಾಲಕ ಇದ್ದಾನೆ, ಆ ತಿಳಿವಳಿಕೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಟ್ರ್ಯಾಕ್ಟರಿನಲ್ಲಿ ಹೈ-ಲೋ ಲಿವರ್ ಇರುತ್ತದಲ್ಲ, ಲೋ ಹಾಕಿದರೆ ವೇಗ ಇಳಿದು ಎಳೆಯುವ ಬಲ ಏರುತ್ತದೆ. ಜೀಪಿನ 4ಎಚ್ ಮತ್ತು 4ಎಲ್ ಅದೇ ತತ್ವ. 2ಎಚ್‌ನಲ್ಲಿ ಹಿಂದಿನ ಚಕ್ರಗಳಿಗಷ್ಟೇ ಶಕ್ತಿ. 4ಎಚ್‌ನಲ್ಲಿ ನಾಲ್ಕಕ್ಕೂ ಹೋಗುತ್ತದೆ, ವೇಗ ಮಾಮೂಲು. 4ಎಲ್ ಹಾಕಿದರೆ ವೇಗ ಅರ್ಧಕ್ಕಿಂತ ಕೆಳಗಿಳಿದು, ಚಕ್ರಕ್ಕೆ ಸಿಗುವ ತಿರುಗುಬಲ ಎರಡರಿಂದ ಎರಡೂವರೆ ಪಟ್ಟು ಆಗುತ್ತದೆ.

ಹಾಗೆಯೇ ಗದ್ದೆಯಲ್ಲಿ ಟ್ರ್ಯಾಕ್ಟರಿನ ಒಂದೇ ಗಾಲಿ ಗಿರಗಿರ ತಿರುಗಿ ಇನ್ನೊಂದು ಸುಮ್ಮನೆ ನಿಂತರೆ ಹಿಮ್ಮಡಿಯಿಂದ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತುತ್ತೀರಿ, ಎರಡೂ ಗಾಲಿ ಒಟ್ಟಿಗೆ ತಿರುಗತೊಡಗುತ್ತವೆ. ಜೀಪಿನ ಫೋರ್ ಬೈ ಫೋರ್ ಅಂದರೆ ಈ ಲಾಕ್ ಅಲ್ಲ. ಅದು ಮುಂದಿನ ಜೋಡಿಯನ್ನೂ ಹಿಂದಿನ ಜೋಡಿಯನ್ನೂ ಒಂದಕ್ಕೊಂದು ಕಟ್ಟುತ್ತದೆ ಅಷ್ಟೆ. ಲಾಕ್ ಇಲ್ಲದ ಗಾಡಿಯಲ್ಲಿ ಮುಂದಿನದೊಂದು, ಹಿಂದಿನದೊಂದು ಚಕ್ರ ಗಾಳಿಯಲ್ಲಿ ತಿರುಗುತ್ತ ಉಳಿದೆರಡು ಕದಲದೆ ನಿಲ್ಲುವುದು ಸಾಧ್ಯ. ಹಳೆಯ ಥಾರ್‌ಗೆ 2015ರಲ್ಲಿ ಹಿಂದಿನ ಆ್ಯಕ್ಸಲ್‌ಗೆ ತಾನಾಗಿ ಬೀಳುವ ಲಾಕ್ ಬಂತು. ಫೋರ್ಸ್ ಗೂರ್ಖಾದಲ್ಲಿ ಮುಂದೂ ಹಿಂದೂ ಎರಡೂ ಕಡೆ ಲಾಕ್ ಇರುವುದು ಸಿಗುತ್ತದೆ. ಎರಿ ನೆಲದವರಿಗೆ ಈ ಲಾಕ್ ದೊಡ್ಡ ಲೈಟುಗಳಿಗಿಂತ ನೂರು ಪಾಲು ಬೆಲೆಯುಳ್ಳದ್ದು.

ಯಾವ ಗಾಡಿ?

1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ನಮ್ಮ ಸೀಮೆಯಲ್ಲಿ ನಾಲ್ಕು ಚಕ್ರದ ಎತ್ತರದ ಗಾಡಿಗಳಿಗೆಲ್ಲ ಜೀಪು ಎಂದೇ ಹೆಸರು. ಆದರೆ ಜೀಪಿನಂತೆ ಕಾಣುವುದೆಲ್ಲ ಫೋರ್ ಬೈ ಫೋರ್ ಅಲ್ಲ. ಹಳ್ಳಿಗಳಲ್ಲಿ ಓಡುತ್ತಿದ್ದ ಕಮಾಂಡರ್, ಮಾರ್ಷಲ್, ಈಗಿನ ಬೊಲೆರೊ ಇವುಗಳಲ್ಲಿ ಬಹುಪಾಲು ಹಿಂದಿನ ಎರಡು ಚಕ್ರದಿಂದಲೇ ನಡೆಯುವಂಥವು. ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಥಾರ್ ವಿಷಯದಲ್ಲಿ. 2020ರ ಅಕ್ಟೋಬರಿನಲ್ಲಿ ಹೊಸ ಥಾರ್ ಬಂದಾಗ ಎಲ್ಲವೂ 4×4 ಆಗಿದ್ದವು. 2023ರ ಜನವರಿಯಲ್ಲಿ ಹಿಂದಿನ ಚಕ್ರದಿಂದಷ್ಟೇ ಓಡುವ, 1.5 ಲೀಟರ್ ಡೀಸೆಲ್ ಎಂಜಿನ್ನಿನ ಅಗ್ಗದ ಥಾರ್ ಬಂತು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರು. ಹಿಂದೆ ಬರೆದ 4×4 ಅಕ್ಷರವನ್ನು ನಂಬಬೇಡಿ, ಅದು ಅಂಗಡಿಯಲ್ಲಿ ಸಿಗುತ್ತದೆ. ಗೇರಿನ ಪಕ್ಕದಲ್ಲಿ ಎರಡನೆಯ ಲಿವರ್ ಇದೆಯೇ, ಮುಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಗುಂಡು ಇದೆಯೇ ಎಂದು ಬಗ್ಗಿ ನೋಡಿ. 2010ರಿಂದ ಮಾರಿದ ಹಳೆಯ ಥಾರ್‌ನಲ್ಲೂ ಡಿಐ ಎಂಜಿನ್ನಿನದು ಟೂ ವ್ಹೀಲ್, ಫೋರ್ ವ್ಹೀಲ್ ಎರಡೂ ಬಗೆಯಲ್ಲಿ ಬಂದಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಎರಿ ಹೊಲಕ್ಕೆ ಹಗುರವಾದ ಗಾಡಿ ಒಳ್ಳೆಯದು. ಭಾರ ಹೆಚ್ಚಿದಷ್ಟೂ ಚಕ್ರ ಹೂತುಕೊಳ್ಳುತ್ತದೆ. ಮಾರುತಿ ಜಿಪ್ಸಿ ಸುಮಾರು ಒಂದು ಟನ್ ತೂಕದ್ದು. 1985ರಲ್ಲಿ ಬಂದು 2019ರವರೆಗೆ ನಡೆಯಿತು. 1996ರ ನಂತರದ 1.3 ಲೀಟರ್ ಎಂಜಿನ್ನಿನದನ್ನೇ, ಸಾಧ್ಯವಾದರೆ 2000ದ ನಂತರ ಬಂದ ಎಂಪಿಎಫ್‌ಐ ಇರುವುದನ್ನೇ ಹುಡುಕಿ. ಆದರೆ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್, ಕೂತವರ ಸೊಂಟ ಹಿಡಿಯುತ್ತದೆ. ಪೆಟ್ರೋಲ್ ಕುಡಿಯುತ್ತದೆ. ದಿನಾ ತಾಂಡೂರಿಗೋ ಹೈದರಾಬಾದಿಗೋ ಹೋಗಿ ಬರುವವರಿಗೆ ಅದು ತಕ್ಕದ್ದಲ್ಲ. ಅಂಥವರು 2020ರ ನಂತರದ 4×4 ಥಾರ್ ಅಥವಾ 2023ರಿಂದ ಬರುತ್ತಿರುವ ಐದು ಬಾಗಿಲಿನ ಜಿಮ್ನಿ ನೋಡಬಹುದು. ಡೀಸೆಲ್ಲೇ ಬೇಕು, ಹಳ್ಳಿಯ ಮಿಸ್ತ್ರಿಯೇ ಬಿಚ್ಚಿ ಕಟ್ಟುವಂತಿರಬೇಕು ಅನ್ನುವವರಿಗೆ ಮಹೀಂದ್ರಾದ ಹಳೆಯ ಎಂಎಂ540 ಅಥವಾ ಡಿಐ ಥಾರ್. ವೇಗ ಕೇಳಬೇಡಿ, ಸದ್ದು ಸಹಿಸಿಕೊಳ್ಳಿ.

ಬೆಲೆಯ ಬಗ್ಗೆ ಇಷ್ಟು. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. ಎರಡು ಮೂರು ವರ್ಷದ ಥಾರ್, ಜಿಮ್ನಿ ಮಾರುವವರು ಹಳೆಯ ಶೋರೂಂ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹೇಳುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ಬೆಲೆ ವಿಚಾರಿಸಿಕೊಂಡೇ ಚೌಕಾಸಿಗೆ ಕೂಡಿ. ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ರಿಪೇರಿಗೆ, ಟೈರಿಗೆ, ಕಾಗದಕ್ಕೆ ಎತ್ತಿಡಿ. ಹತ್ತು ವರ್ಷ ದಾಟಿದ ಗಾಡಿಯಾದರೆ ನಾಲ್ಕರಲ್ಲಿ ಒಂದು.

ಗೋಣಿಚೀಲ, ಟಾರ್ಚು, ಜಾಕು

ನೋಡಲು ಹೋಗುವಾಗ ಇವು ಮೂರು ನಿಮ್ಮ ಜೊತೆ ಇರಲಿ. ಬೆಳಗಿನ ಹೊತ್ತು ಹೋಗಿ, ಗಾಡಿ ಸ್ಟಾರ್ಟ್ ಮಾಡಿಡಬೇಡಿ ಎಂದು ಮೊದಲೇ ಹೇಳಿ. ಮುಟ್ಟಿದಾಗ ಬಾನೆಟ್ ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ.

ಕೆಳಗೆ ಮಲಗಿದಾಗ ಮೊದಲು ಚಾಸಿ ನೋಡಿ. ಈ ಗಾಡಿಗಳ ಬೆನ್ನೆಲುಬು ಅದೇ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅಡ್ಡಕ್ಕೆ ಪಟ್ಟಿಗಳು, ಏಣಿಯ ಹಾಗೆ. ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಸ್ಪ್ರಿಂಗ್ ಪಟ್ಟಿಯ ಕೊಂಡಿಗಳು ಹಿಡಿದಿರುವ ಜಾಗ, ಇಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಕಂಡರೆ ಬಿಟ್ಟು ಬನ್ನಿ. ಹದಿನೈದು ವರ್ಷದ ಗಾಡಿಯ ಕೆಳಭಾಗಕ್ಕೆ ಮೊನ್ನೆ ಮೊನ್ನೆ ಕಪ್ಪು ಬಣ್ಣ ಬಳಿದಿದ್ದರೆ ಅದು ಏನನ್ನು ಮುಚ್ಚಿದೆ ಎಂದು ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಬಡಿದು ಕೇಳಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ಆಮೇಲೆ ಎಣ್ಣೆ. ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಡಿಫರೆನ್ಷಿಯಲ್, ಮುಂದಿನ ಚಕ್ರಗಳ ಹಿಂದಿರುವ ನಕಲ್ ಸೀಲುಗಳು, ಎಲ್ಲೆಲ್ಲಿ ತೇವವಿದೆ ನೋಡಿ. ಹಳೆಯ ಗಾಡಿಯಲ್ಲಿ ಸ್ವಲ್ಪ ಜಿಡ್ಡು ಇರುವುದು ಸಹಜ, ತೊಟ್ಟಿಕ್ಕಬಾರದು. ಆದರೆ ಹೊರಗಿನ ಜಿಡ್ಡಿಗಿಂತ ಒಳಗಿನ ಎಣ್ಣೆಯ ಬಣ್ಣ ಹೆಚ್ಚು ಹೇಳುತ್ತದೆ. ಮಾರುವವರ ಅನುಮತಿ ಪಡೆದು ಡಿಫರೆನ್ಷಿಯಲ್ಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ಅದ್ದಿ. ಕಾಕಾ ಎರಡನೆಯ ಗಾಡಿಯಲ್ಲಿ ಹಾಗೆ ಅದ್ದಿದಾಗ ಬೆರಳಿಗೆ ಅಂಟಿದ್ದು ಎಣ್ಣೆಯಲ್ಲ, ಹಾಲು ಹೆಚ್ಚಾದ ಚಹಾದಂಥ ನೊರೆ. ಹಳ್ಳ ದಾಟಿಸುವಾಗ ನೀರು ಒಳಗೆ ಹೋಗಿ ಎಣ್ಣೆಯೊಂದಿಗೆ ಕಲೆತಿದೆ ಎಂದರ್ಥ. ಕಾದ ಆ್ಯಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಪೈಪಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಹೀರಿಕೊಳ್ಳುತ್ತದೆ. ಹಾಗೆಯೇ ಓಡಿಸಿದರೆ ಬೇರಿಂಗುಗಳು ತುಕ್ಕು ಹಿಡಿದು ಕೂಗತೊಡಗುತ್ತವೆ. ಬೋಲ್ಟಿನ ತುದಿಗೆ ಕಬ್ಬಿಣದ ಸಣ್ಣ ಪುಡಿ ಅಂಟಿದ್ದರೆ ಸಹಜ ಸವೆತ, ಚೂರುಗಳು ಸಿಕ್ಕರೆ ಹಲ್ಲು ಮುರಿದಿದೆ.

ಫೋರ್ ಬೈ ಫೋರ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ, ಇದೊಂದನ್ನು ಬಿಡಬೇಡಿ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳ ಮುಂದೂ ಹಿಂದೂ ಕಲ್ಲು ಇಡಿ. ಎಂಜಿನ್ ಆಫ್ ಮಾಡಿ ಮೊದಲನೆಯ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. 2ಎಚ್‌ನಲ್ಲಿ ಆ ಚಕ್ರ ಕೈಯಿಂದ ಸಲೀಸಾಗಿ ತಿರುಗಬೇಕು. ಈಗ 4ಎಚ್‌ಗೆ ಹಾಕಿ ತಿರುಗಿಸಿ ನೋಡಿ. ಸ್ವಲ್ಪ ಆಡಿ ಗಕ್ಕನೆ ನಿಂತರೆ ಶಾಫ್ಟು, ಹಬ್ಬು, ಗೇರು ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ. ಆಗಲೂ ಸಲೀಸಾಗಿ ತಿರುಗುತ್ತಿದ್ದರೆ ನಡುವೆ ಎಲ್ಲೋ ಕೊಂಡಿ ಕಳಚಿದೆ. ಕೆಲವು ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದ ನಡುಮಧ್ಯೆ ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್ ಇರುತ್ತದೆ, ಎರಡೂ ಕಡೆಯದನ್ನು ಲಾಕ್‌ಗೆ ತಿರುಗಿಸಿದ ಮೇಲೆಯೇ ಪರೀಕ್ಷಿಸಿ. ಎರಡನೆಯ ಚಕ್ರಕ್ಕೂ ಹೀಗೇ ಮಾಡಿ. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಎಂದೂ ತೂರಬೇಡಿ. ಮಲಗಿ ನೋಡುವ ಕೆಲಸವೆಲ್ಲ ನಾಲ್ಕೂ ಚಕ್ರ ನೆಲದ ಮೇಲಿದ್ದಾಗ.

ನಮ್ಮ ಕಡೆ ಬಹಳಷ್ಟು ಗಾಡಿಗಳಲ್ಲಿ ಕಾಣುವ ತೊಂದರೆ ಅತಿಯಾಗಿ ಓಡಿಸಿದ್ದರಿಂದ ಆದದ್ದಲ್ಲ, ಓಡಿಸದೆ ಇದ್ದುದರಿಂದ ಆದದ್ದು. ಮೊದಲ ಮಾಲೀಕರು ಫೋರ್ ಬೈ ಫೋರ್ ಲಿವರನ್ನು ವರ್ಷಗಟ್ಟಲೆ ಮುಟ್ಟಿರುವುದಿಲ್ಲ. ಅದು ತುಕ್ಕು ಹಿಡಿದು ಜಾಮ್ ಆಗಿರುತ್ತದೆ. ಬಲವಂತ ಮಾಡಿ ಹಾಕಿದರೆ ಮತ್ತೆ ತೆಗೆಯಲು ಬರುವುದಿಲ್ಲ.

ಎಂಜಿನ್ ಪರೀಕ್ಷೆ ಬೇರೆ ಯಾವ ಹಳೆಯ ಕಾರಿನದಂತೆಯೇ, ಅದನ್ನು ನಿಮ್ಮ ಮಿಸ್ತ್ರಿಗೆ ಬಿಡಿ. ಒಂದೇ ಒಂದು ನೀವೇ ನೋಡಬಹುದು. ಹಳೆಯ ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳ ಬಿಚ್ಚಿ ತಲೆಕೆಳಗಾಗಿ ಅದರ ಬಾಯಿಯ ಮೇಲಿಡಿ. ಸುಮ್ಮನೆ ನಡುಗಿದರೆ ಸರಿ. ಹಾರಿ ಬಿದ್ದು, ಒಳಗಿಂದ ಭುಸಭುಸ ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಗಣಿಯಲ್ಲಿ ದುಡಿದ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ಏರ್ ಫಿಲ್ಟರ್ ದಾಟಿ ಒಳಗೆ ಹೋದ ಕಲ್ಲಿನ ಪುಡಿ ಸಿಲಿಂಡರನ್ನು ಉಜ್ಜುಕಾಗದದಂತೆ ತಿನ್ನುತ್ತದೆ.

2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಮುಳುಗಿದಾಗ ಸಾವಿರಾರು ಕಾರುಗಳು ನೀರಿನಲ್ಲಿ ನಿಂತಿದ್ದವು. ಅಂಥ ಗಾಡಿಗಳು ಒಣಗಿ, ತೊಳೆದು, ದೂರದ ಊರುಗಳಿಗೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಏರಿತ್ತು. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಮ್ಯಾಟಿನ ಅಡಿಯ ಕಮಟು ವಾಸನೆ, ಫ್ಯೂಸ್ ಡಬ್ಬಿಯೊಳಗಿನ ಒಣ ಕೆಸರು ಇವೂ ಹೇಳುತ್ತವೆ.

ಟೈರುಗಳ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಎಷ್ಟೇ ಇರಲಿ, ಆರೇಳು ವರ್ಷ ದಾಟಿದ ಟೈರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆಯ ಟೈರಿದ್ದರೆ 4ಎಚ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಒಳಗೊಳಗೇ ಹೆಣಗುತ್ತದೆ. ಕಂಪನಿಯ ಅಳತೆಗಿಂತ ಬಹಳ ದೊಡ್ಡ ಟೈರು ಹಾಕಿದ ಗಾಡಿಯನ್ನು ನಾನು ಮುಟ್ಟುವುದಿಲ್ಲ. ಆ್ಯಕ್ಸಲ್, ಬೇರಿಂಗ್, ಸ್ಟೇರಿಂಗ್ ಎಲ್ಲಕ್ಕೂ ಹೊರೆ.

ಓಡಿಸಿ ನೋಡುವಾಗ

ಡಾಂಬರಿನಲ್ಲಿ 2ಎಚ್‌ನಲ್ಲೇ ಓಡಿಸಿ. ಜಿಪ್ಸಿ, ಥಾರ್, ಜಿಮ್ನಿ ಇವುಗಳಲ್ಲಿ ಮುಂದಿನ ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ, ಹಿಂದಿನದು ಕಡಿಮೆ ದೂರ ಸಾಗಬೇಕು. ಒಣ ರಸ್ತೆಯಲ್ಲಿ 4ಎಚ್ ಹಾಕಿದರೆ ಆ ವ್ಯತ್ಯಾಸಕ್ಕೆ ಜಾಗವಿಲ್ಲದೆ ಗೇರುಗಳು ಬಿಗಿದುಕೊಳ್ಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಬಿಗಿ ಸಡಿಲುತ್ತದೆ. ಹಾಗಾಗಿ 4ಎಚ್, 4ಎಲ್ ಎರಡನ್ನೂ ಹೊಲದಲ್ಲೋ ಮೊರಂ ದಾರಿಯಲ್ಲೋ ಹಾಕಿ ನೋಡಿ. ಗೇರ್ ಬಿಟ್ಟು ಹಿಡಿಯುವಾಗ ಕೆಳಗಿಂದ ಟಕ್ ಟಕ್ ಎಂದರೆ ಶಾಫ್ಟಿನ ಕ್ರಾಸ್ ಬೇರಿಂಗ್ ಹೋಗಿದೆ, ಅದು ಸಣ್ಣ ಖರ್ಚು. ವೇಗ ಏರಿದಂತೆ ಹುಯ್ ಎಂದು ಕೂಗುತ್ತಿದ್ದರೆ ಡಿಫರೆನ್ಷಿಯಲ್, ಅದು ದೊಡ್ಡ ಖರ್ಚು. ಗಂಟೆಗೆ 60-70 ಕಿಲೋಮೀಟರ್ ವೇಗದಲ್ಲಿ ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಅದುರಿದರೆ ಮುಂದಿನ ಆ್ಯಕ್ಸಲ್ಲಿನ ಕೀಲುಗಳೆಲ್ಲ ಸಡಿಲಾಗಿವೆ. ಅಂಥ ಗಾಡಿಯಲ್ಲಿ ಮನೆಯವರನ್ನು ಕೂರಿಸಬೇಡಿ.

ಗಡಿ ದಾಟಿದ ಗಾಡಿಯ ಕಾಗದ

1956ರ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳು ಬೇರೆಯಾದರೂ ಬೀಗತನ, ವ್ಯಾಪಾರ ಬೇರೆಯಾಗಲಿಲ್ಲ. ಅದಕ್ಕೇ ಇಲ್ಲಿ ಯಾವ ಸಂತೆಗೆ ಹೋದರೂ ಕೆಎ 38, ಕೆಎ 32 ನಂಬರಿನ ಗಾಡಿಗಳು ಟಿಎಸ್, ಟಿಜಿ ಗಾಡಿಗಳ ಪಕ್ಕದಲ್ಲೇ ನಿಂತಿರುತ್ತವೆ. "ನಮ್ಮ ಮಾವನ ಗಾಡಿ, ಭಾಲ್ಕಿಯದು, ಕಾಗದ ಆಮೇಲೆ ನೋಡೋಣ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆಮೇಲೆ ನೋಡಬೇಡಿ, ಈಗಲೇ ನೋಡಿ.

ಬೇರೆ ರಾಜ್ಯದಲ್ಲಿ ನೋಂದಾದ ಗಾಡಿಯನ್ನು ನಿಮ್ಮ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಹೊಸ ನಂಬರ್ ಪಡೆಯಲೇಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರಲ್ಲಿ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹೊಸ ಥಾರ್‌ನಂಥ ಗಾಡಿಗೆ ಅದು ಸಣ್ಣ ಮೊತ್ತವಲ್ಲ. ಗಡಿಯಾಚೆ ಗಾಡಿ ಅಗ್ಗ ಎಂದು ಖುಷಿಪಡುವ ಮೊದಲು ಈ ತೆರಿಗೆಯನ್ನು ಕೂಡಿಸಿ ನೋಡಿ, ಬಹಳ ಸಲ ಅಗ್ಗ ಉಳಿಯುವುದಿಲ್ಲ. ಎನ್‌ಒಸಿ ತರಿಸುವ ಹೊಣೆ ಮಾರುವವರದು ಎಂದು ಬರೆಸಿಕೊಂಡು, ಅದು ಕೈಗೆ ಬರುವವರೆಗೆ ಒಂದಷ್ಟು ಹಣ ಹಿಡಿದಿಟ್ಟುಕೊಳ್ಳಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಡಿಎಲ್ ನಂಬರಿನವು ದಕ್ಷಿಣಕ್ಕೂ ಬಂದಿವೆ. ಎನ್‌ಒಸಿ ಇಲ್ಲದೆ ಅವನ್ನು ಮುಟ್ಟಬೇಡಿ.

ಒಂದೇ ರಾಜ್ಯದೊಳಗಿನ ಮಾರಾಟಕ್ಕೆ ಫಾರ್ಮ್ 29 ಮತ್ತು 30. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಸಹಿಯ ಫಾರ್ಮ್ 35 ಕೂಡ. ಮಾರಿದವರು 14 ದಿನದಲ್ಲಿ, ಬೇರೆ ರಾಜ್ಯಕ್ಕೆ ಮಾರಿದ್ದರೆ 45 ದಿನದಲ್ಲಿ ತಿಳಿಸಬೇಕು. ಕೊಂಡವರಿಗೆ 30 ದಿನ. ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇದನ್ನು ಮಾರುವವರಿಗೆ ತಿಳಿಸಿ ಹೇಳಿದರೆ ಅವರೇ ನಿಮ್ಮೊಂದಿಗೆ ಕಚೇರಿಗೆ ಬರುತ್ತಾರೆ. ವಿಮೆಯನ್ನೂ ನಿಮ್ಮ ಹೆಸರಿಗೆ 14 ದಿನದೊಳಗೆ ಬದಲಿಸಿಕೊಳ್ಳಿ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಸಾರಿಗೆ ಇಲಾಖೆ ಕೊಟ್ಟ ಅಧಿಕೃತ ಪ್ರಮಾಣಪತ್ರ ಅವರಲ್ಲಿ ಇರಬೇಕು, ತೋರಿಸಲು ಕೇಳಿ.

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಚಾಸಿಯ ಮೇಲೆ ಕೆತ್ತಿದ ನಂಬರಿನೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ. ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಂಬರ್ ಮೂಡುತ್ತದೆ, ಅಂಕಿಗಳ ಸಾಲು ಸೊಟ್ಟಗಿದ್ದರೆ ಮತ್ತೆ ಕೆತ್ತಿದ್ದಾರೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಹಳೆಯ ಚಾಸಿಗೆ ಹೊಸ ಮೈ ಕೂರಿಸಿ, ಬೇರೆ ಎಂಜಿನ್ ಹಾಕಿ ಕಟ್ಟಿದ ಜೀಪುಗಳು ನೋಡಲು ಬಲು ಚೆಂದ. ಆದರೆ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನ ಕೆಳಗೆ ಡೀಸೆಲ್ ಎಂಜಿನ್ ಇದ್ದರೆ ನಿಮ್ಮ ದುಡ್ಡು ಹೋದಂತೆಯೇ. ಮುಂದಿನ ಕಬ್ಬಿಣದ ಬುಲ್‌ಬಾರ್‌ಗೂ 2017ರ ಡಿಸೆಂಬರಿನಿಂದ ನಿಷೇಧವಿದೆ.

ಹದಿನೈದು ವರ್ಷಕ್ಕೆ ಖಾಸಗಿ ಗಾಡಿಯ ನೋಂದಣಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರು, ಜೀಪಿಗೆ ಇದರ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರ ರೂಪಾಯಿ ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10 ಸಾವಿರಕ್ಕೆ ಏರಿತು. ಹಳೆಯ ಜಿಪ್ಸಿ, ಎಂಎಂ540 ಕೊಳ್ಳುವವರು ನವೀಕರಣ ಆಗಿದೆಯೇ, ಎಂದಿನವರೆಗೆ ಇದೆ ಎಂದು ಮೊದಲು ನೋಡಿ. ಎಂಪರಿವಾಹನ್ ಆ್ಯಪಿನಲ್ಲಿ ಕರ್ನಾಟಕದ ಗಾಡಿಗಳ ವಿವರ ಸಿಗುತ್ತದೆ. ತೆಲಂಗಾಣ ಬಹಳ ಕಾಲ ಕೇಂದ್ರದ ವಾಹನ್ ವ್ಯವಸ್ಥೆಯ ಹೊರಗಿತ್ತು, ಟಿಎಸ್ ಗಾಡಿಗಳನ್ನು ರಾಜ್ಯದ ಸಾರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿ. ಬಾಕಿ ಚಲನ್‌ಗಳನ್ನು ಎರಡೂ ರಾಜ್ಯಗಳಲ್ಲಿ ನೋಡಿ, ಗಡಿ ಗಾಡಿಗಳಿಗೆ ಎರಡೂ ಕಡೆ ದಂಡ ಬಿದ್ದಿರುತ್ತದೆ.

ಮನೆಗೆ ತಂದ ಮೇಲೆ

ನಾವು ಕೊನೆಗೆ ಕೊಂಡದ್ದು ಏಳನೆಯದಾಗಿ ನೋಡಿದ ಗಾಡಿ. ಬಣ್ಣ ಮಾಸಿದ, ಲೈಟಿನ ಸಾಲಿಲ್ಲದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಜಿಪ್ಸಿ. ಕಾಕಾ ಮೊದಲ ದಿನವೇ ಐದೂ ಕಡೆಯ ಎಣ್ಣೆ ಇಳಿಸಿದರು: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್. ಹಿಂದಿನವರು ಯಾವಾಗ ಬದಲಿಸಿದ್ದೇವೆಂದು ಹೇಳಿದರೂ ಲೆಕ್ಕಕ್ಕಿಲ್ಲ, ಇವತ್ತಿನಿಂದ ನಿಮ್ಮ ಲೆಕ್ಕ ಶುರು. ಶಾಫ್ಟಿನ ಕ್ರಾಸ್‌ಗಳಿಗೆ, ಸ್ಪ್ರಿಂಗ್ ಕೊಂಡಿಗಳಿಗೆ ಗ್ರೀಸ್ ತುಂಬಿಸಿದೆವು. ಬ್ರೀದರ್ ಪೈಪನ್ನು ಉದ್ದ ಮಾಡಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿಸಿದೆವು. ಅದು ಕೆಲವೇ ನೂರು ರೂಪಾಯಿಯ ಕೆಲಸ, ಹಳ್ಳ ದಾಟುವವರೆಲ್ಲ ಮಾಡಿಸಿಕೊಳ್ಳಬೇಕು. ಹಿಂದಿನ ಡಬ್ಬಿಯಲ್ಲಿ ಒಂದು ಸಲಿಕೆ, ಎಳೆಯುವ ಗಟ್ಟಿ ಬೆಲ್ಟು, ಗಾಳಿ ತುಂಬುವ ಸಣ್ಣ ಪಂಪು ಇಟ್ಟಿದ್ದೇವೆ. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ನೆಲ ಹಿಡಿಯುತ್ತದೆ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು.

ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಫೋರ್ ಬೈ ಫೋರ್ ಇದೆ ಎಂದು ಇಳಿಯಬೇಡಿ. ಕಾಗಿನಾ ನದಿ ತುಂಬಿ ಬಂದಾಗ ಎಷ್ಟು ಭಾರದ ಗಾಡಿಯೂ ತೇಲುತ್ತದೆ.

ಕಾಕಾ ಇನ್ನೊಂದು ಮಾತು ಹೇಳಿ ಹೋಗಿದ್ದರು, ಅದನ್ನು ಬೇಸಿಗೆಯಲ್ಲೂ ಬಿಡದೆ ಪಾಲಿಸುತ್ತೇವೆ. ತಿಂಗಳಿಗೆ ಒಂದು ಸಲ, ಕೆಲಸವಿಲ್ಲದಿದ್ದರೂ, ಹೊಲದ ದಾರಿಯಲ್ಲಿ ಹಬ್ ಲಾಕ್ ಮಾಡಿ 4ಎಚ್ ಹಾಕಿ ಒಂದು ಫರ್ಲಾಂಗ್, 4ಎಲ್ ಹಾಕಿ ಇನ್ನರ್ಧ ಫರ್ಲಾಂಗ್. ಎಣ್ಣೆ ಎಲ್ಲ ಗೇರುಗಳಿಗೂ ಏರುತ್ತದೆ, ಲಿವರ್ ಜಾಮ್ ಆಗುವುದಿಲ್ಲ. ಇದು ಈಗ ತಮ್ಮನ ಅಮಾವಾಸ್ಯೆಯ ಕೆಲಸ. ಪೂಜೆ ಮುಗಿಸಿ ನಿಂಬೆಹಣ್ಣು ಕಟ್ಟಿ, ಹೊಲದವರೆಗೆ ಹೋಗಿ ಬರುತ್ತಾನೆ.